ಮಕ್ಕಳ ಪೌಷ್ಟಿಕತೆ ಸಂಶೋಧನೆಯಲ್ಲಿ ಕೆಲಸ: ಕುಮಟಾದ ಹುಡುಗಿಗೆ ದಾರಿ ಇದೆಯಾ?

ಅಘನಾಶಿನಿ ದಂಡೆಯವಳು, ಕುಮಟಾ

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಆಹಾರ ಮತ್ತು ಪೋಷಣೆ ವಿಷಯದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಕೊನೆಯ ಸೆಮಿಸ್ಟರ್ ಮಾತ್ರ ಬಾಕಿ. ಜೊತೆಗಿನವರೆಲ್ಲ ಹುಬ್ಬಳ್ಳಿ, ಬೆಂಗಳೂರಿನ ಆಸ್ಪತ್ರೆಗಳಲ್ಲಿ ಡಯಟಿಷಿಯನ್ ಆಗುವ ಯೋಚನೆಯಲ್ಲಿದ್ದಾರೆ. ನನಗೆ ಮಕ್ಕಳ ಪೌಷ್ಟಿಕತೆಯ ಸಂಶೋಧನೆ ಮಾಡುವ ಆಸೆ. ಅದೂ ಯುನಿಸೆಫ್, ವಿಶ್ವ ಆಹಾರ ಕಾರ್ಯಕ್ರಮದಂಥ ಕಡೆ, ಬೇರೆ ಬೇರೆ ದೇಶಗಳಲ್ಲಿ. ಮನೆಯಲ್ಲಿ ಹೇಳಿದರೆ ಅಪ್ಪ, "ಸುಮ್ನೆ ಸಿಡಿಪಿಒ ಪರೀಕ್ಷೆಗೆ ಕೂತ್ಕೋ, ಇಲ್ಲೇ ಹತ್ತಿರ ಇರಬಹುದು" ಅಂತಾರೆ. ತಾಲೂಕಿನ ಅಂಗನವಾಡಿಗಳನ್ನು ನೋಡಿಕೊಳ್ಳುವ ಅಧಿಕಾರಿಯ ಹುದ್ದೆ ಅದು. ಈ ಕೆಲಸ ದಿನಾ ಹೇಗಿರುತ್ತದೆ? ಪಿಎಚ್.ಡಿ. ಬೇಕೇ ಬೇಕಾ? ನಮ್ಮ ಜಿಲ್ಲೆಯಿಂದ ಈ ದಾರಿಯಲ್ಲಿ ಹೋದವರಿದ್ದರೆ ದಯವಿಟ್ಟು ಬಿಡಿಸಿ ಹೇಳಿ.

ಹೊನ್ನಾವರದ ಮಾಸ್ತರರು

ಮಗಾ, ಅಪ್ಪನ ಮಾತನ್ನು ಪೂರ್ತಿ ತಳ್ಳಿಹಾಕಬೇಡ. ಇಂಥ ಕೆಲಸಗಳಲ್ಲಿ ಬಹಳಷ್ಟು ಹೊರದೇಶದ ಹಣದಲ್ಲೇ ನಡೆಯುವವು. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವಿಗೆ ತಡೆ ಹಾಕಿತು. ಜುಲೈ 1ಕ್ಕೆ ಆ ನೆರವು ಹಂಚುತ್ತಿದ್ದ ಯುಎಸ್‌ಏಡ್ ಸಂಸ್ಥೆಯೇ ಬಾಗಿಲು ಹಾಕಿತು. ಎಷ್ಟೋ ದೇಶಗಳಲ್ಲಿ ಕೆಲಸ ಮಾಡುತ್ತಿದ್ದವರು ಒಂದೇ ಸಲ ಬೀದಿಗೆ ಬಂದರು. ಹೆದರಿಸಲು ಹೇಳುತ್ತಿಲ್ಲ. ತಿಳಿದಿರಲಿ ಅಂತ ಅಷ್ಟೆ.

ಶಿರಸಿ ಕಡೆಯವಳು

ತಂಗೀ, ನಿನ್ನ ಪ್ರಶ್ನೆ ಓದಿ ಸುಮ್ಮನಿರಲು ಆಗಲಿಲ್ಲ. ನಾನು ಶಿರಸಿ ತಾಲೂಕಿನವಳು. ಬಾಂಗ್ಲಾದೇಶದಲ್ಲಿ, ಪೂರ್ವ ಆಫ್ರಿಕಾದಲ್ಲಿ, ನಮ್ಮ ದೇಶದ ಬೇರೆ ರಾಜ್ಯಗಳಲ್ಲಿ ಇದೇ ಕೆಲಸ ಮಾಡಿದ್ದೇನೆ, ಈಗಲೂ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊ.

ಹಸಿದ ಮಗುವಿಗೆ ಊಟ ಕೊಡುವುದೇ ಈ ಕೆಲಸ ಅಂತ ಬಹಳ ಜನ ತಿಳಿದಿದ್ದಾರೆ. ಊಟ ಕೊಡುವವರು ಬೇರೆ ಇರುತ್ತಾರೆ. ನಮ್ಮದು ಅಳೆಯುವ, ಕೇಳುವ, ಲೆಕ್ಕ ಹಾಕುವ ಕೆಲಸ. ಯಾವ ಮಗು ಹಿಂದೆ ಬೀಳುತ್ತಿದೆ, ಯಾವ ವಯಸ್ಸಿನಲ್ಲಿ, ಯಾಕೆ? ಸರ್ಕಾರ ಅಥವಾ ಸಂಸ್ಥೆ ಕೊಟ್ಟದ್ದರಿಂದ ಏನಾದರೂ ಬದಲಾಯಿತಾ? ಇಷ್ಟು ತಿಳಿಯದೆ ಕೋಟಿಗಟ್ಟಲೆ ಖರ್ಚು ಮಾಡಿದರೆ ಮಗುವಿಗೆ ಮುಟ್ಟಿತೋ ಇಲ್ಲವೋ ಹೇಳಲು ಬರುವುದಿಲ್ಲ.

ಅಳತೆಯಿಂದ ಶುರು ಮಾಡೋಣ. 2 ವರ್ಷದೊಳಗಿನ ಮಗುವನ್ನು ಹಲಗೆಯ ಮೇಲೆ ಮಲಗಿಸಿ ಅಳೆಯಬೇಕು. ದೊಡ್ಡ ಮಕ್ಕಳನ್ನು ನಿಲ್ಲಿಸಿ. ಮಲಗಿಸಿದಾಗ ಸಿಗುವ ಉದ್ದ, ನಿಲ್ಲಿಸಿದಾಗ ಸಿಗುವ ಎತ್ತರಕ್ಕಿಂತ ಸುಮಾರು 0.7 ಸೆಂ.ಮೀ. ಜಾಸ್ತಿ. ಇಷ್ಟಕ್ಕೂ ಬೆಲೆ ಇದೆ. ಒಬ್ಬರು ತಲೆ ಹಿಡಿಯಬೇಕು, ಇನ್ನೊಬ್ಬರು ಮೊಣಕಾಲು ಒತ್ತಿ ಪಾದಕ್ಕೆ ಹಲಗೆ ತಾಗಿಸಬೇಕು. ಮಗು ಅಳುತ್ತಿರುತ್ತದೆ, ಅಜ್ಜಿ ಬೈಯುತ್ತಿರುತ್ತಾರೆ, ಆದರೂ ಮಿಲಿಮೀಟರ್ ಓದಲೇಬೇಕು. 24 ತಿಂಗಳ ಗಂಡುಮಗುವಿನ ಸಾಮಾನ್ಯ ಎತ್ತರ ಸುಮಾರು 87 ಸೆಂ.ಮೀ. 81ಕ್ಕಿಂತ ಕಡಿಮೆ ಬಂದರೆ ಬೆಳವಣಿಗೆ ಕುಂಠಿತವಾಗಿದೆ ಅಂತ ಲೆಕ್ಕ. ಒಬ್ಬ ಕಾರ್ಯಕರ್ತೆ 80.6 ಇದ್ದದ್ದನ್ನು 81 ಅಂತ ಬರೆದುಬಿಟ್ಟರೆ ಆ ಮಗು ಪಟ್ಟಿಯಿಂದಲೇ ಜಾರಿತು. ಆದ್ದರಿಂದ ದತ್ತಾಂಶ ಬಂದ ಕೂಡಲೇ ನಾವು ನೋಡುವುದು ಕೊನೆಯ ಅಂಕಿಯನ್ನು. ಸೊನ್ನೆ ಮತ್ತು ಐದು ಜಾಸ್ತಿ ಕಂಡರೆ ಯಾರೋ ಅಂದಾಜಿನಲ್ಲಿ ಬರೆದಿದ್ದಾರೆ ಅಂತ ಗೊತ್ತಾಗುತ್ತದೆ.

ಇನ್ನು ವಯಸ್ಸು. ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಎತ್ತರ ಗೊತ್ತಿದ್ದೂ ಪ್ರಯೋಜನವಿಲ್ಲ. ತಾಯಿ ಕಾರ್ಡ್ ಕೈಯಲ್ಲಿದ್ದರೆ ಸರಿ. ಇಲ್ಲದ ಕಡೆ ಊರಿನ ಘಟನೆಗಳ ಕ್ಯಾಲೆಂಡರ್ ಮಾಡಿಕೊಳ್ಳುತ್ತೇವೆ. ನಮ್ಮ ಜಿಲ್ಲೆಗೆ ಮಾಡುವುದಾದರೆ ನಾನು ಶಿರಸಿ ಮಾರಿಜಾತ್ರೆಯನ್ನೇ ಮೊದಲು ಹಾಕುತ್ತೇನೆ. ಎರಡು ವರ್ಷಕ್ಕೊಮ್ಮೆ, ಮಾರ್ಚ್ ಸುಮಾರಿಗೆ ಬರುತ್ತದೆ. 2022, 2024 ಎಂದು ಎಲ್ಲರಿಗೂ ನೆನಪಿರುತ್ತದೆ. ಆಮೇಲೆ 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದದ್ದು. ಜೊತೆಗೆ ಚೌತಿ, ದೀಪಾವಳಿ, ಹಾಲಕ್ಕಿಯವರ ಸುಗ್ಗಿ, ಗದ್ದೆ ಕೊಯ್ಲು. "ಗುಡ್ಡ ಕುಸಿದಾಗ ಹೊಟ್ಟೆಯಲ್ಲಿತ್ತಾ, ಮಡಿಲಲ್ಲಿತ್ತಾ?" ಅಂತ ಕೇಳಿದರೆ ತಾಯಿ ಥಟ್ಟನೆ ಹೇಳುತ್ತಾಳೆ. ಆಫ್ರಿಕಾದಲ್ಲಿ ಮಾಡುವುದೂ ಇದನ್ನೇ, ಅಲ್ಲಿ ಮಳೆ, ರಂಜಾನ್, ಚುನಾವಣೆ ಇರುತ್ತವೆ.

ಮೂರನೆಯದು ಊಟದ ಲೆಕ್ಕ. ಇದು ನನಗೆ ಎಲ್ಲಕ್ಕಿಂತ ಇಷ್ಟದ ಭಾಗ. ನಿನ್ನೆ ಬೆಳಿಗ್ಗೆಯಿಂದ ಇವತ್ತು ಬೆಳಿಗ್ಗೆವರೆಗೆ ಮಗು ಏನೇನು ತಿಂದಿತು ಅಂತ ಕೇಳಿ ಬರೆದುಕೊಳ್ಳುತ್ತೇವೆ. "ಗಂಜಿ ಕೊಟ್ಟೆ" ಅಂತ ತಾಯಿ ಹೇಳಿದ ತಕ್ಷಣ ಪೆನ್ನು ಓಡಿಸಬಾರದು. ಅನ್ನವಾ, ಬರೀ ತಿಳಿಯಾ? ಯಾವ ಬಟ್ಟಲು? ತೋರಿಸ್ತೀರಾ? ಎಷ್ಟು ಉಳೀತು? ನಮ್ಮ ಕಡೆಯ ರಾಗಿ ಮಣ್ಣಿಯನ್ನೇ ತಗೊ. ರಾಗಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ, ಬೆಲ್ಲ ಹಾಕಿ ಕಾಯಿಸುತ್ತೇವೆ. ಒಳ್ಳೆಯ ತಿನಿಸು. ಆದರೆ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಕಿಲೋ ತೂಕಕ್ಕೆ ಸುಮಾರು 30 ಮಿ.ಲೀ. ಮಾತ್ರ. 8 ಕಿಲೋದ ಮಗುವಿಗೆ ಒಂದು ಲೋಟದಷ್ಟು ಅನ್ನು. ಮಣ್ಣಿ ನೀರಾಗಿದ್ದರೆ ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ಗಟ್ಟಿಯಾಗಿದ್ದರೆ ಮಗು ನುಂಗುವುದಿಲ್ಲ. ಮೊಳಕೆ ಬರಿಸಿ, ಒಣಗಿಸಿ, ಹುಡಿ ಮಾಡಿದ ರಾಗಿಯನ್ನು ಒಂದು ಚಮಚ ಸೇರಿಸಿದರೆ ಗಟ್ಟಿ ಗಂಜಿಯೂ ಸಡಿಲಾಗುತ್ತದೆ, ಏಕೆಂದರೆ ಮೊಳಕೆಯಲ್ಲಿ ಪಿಷ್ಟವನ್ನು ಒಡೆಯುವ ಅಮೈಲೇಸ್ ಇರುತ್ತದೆ. ತಾಯಿಹಾಲಿನ ಜೊತೆಗೆ 6ರಿಂದ 8 ತಿಂಗಳ ಮಗುವಿಗೆ ಮೇಲೂಟದಿಂದ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು, 9ರಿಂದ 11 ತಿಂಗಳಿಗೆ 300, ವರ್ಷ ದಾಟಿದ ಮೇಲೆ 550. ಇದು ತುಂಬುತ್ತಿದೆಯಾ ಅಂತ ಬಟ್ಟಲು ನೋಡದೆ ಹೇಳಲಾಗದು.

ಉಳಿದದ್ದು ಮೇಜಿನ ಕೆಲಸ. ಪ್ರಶ್ನಾವಳಿ, ನೈತಿಕ ಸಮಿತಿಯ ಅನುಮತಿ, ಕ್ಷೇತ್ರ ತಂಡಕ್ಕೆ ತರಬೇತಿ, ಸ್ಟಾಟಾ ಅಥವಾ ಆರ್ ಅನ್ನುವ ಅಂಕಿಅಂಶದ ತಂತ್ರಾಂಶದಲ್ಲಿ ವಿಶ್ಲೇಷಣೆ, ವರದಿ, ಅಧಿಕಾರಿಗಳ ಜೊತೆ ಸಭೆ. ವರ್ಷದ ಹೆಚ್ಚು ದಿನ ಹೋಗುವುದು ಇದರಲ್ಲೇ.

ಅಂಗನವಾಡಿ ಅಕ್ಕೋರು, ಅಂಕೋಲಾ

ಮೇಡಂ ಬರೆದದ್ದು ಚೆನ್ನಾಗಿದೆ. ಆದರೆ ಒಂದು ಮಾತು ಕೇಳಲೇಬೇಕು. ನಾನು ಅಂಗನವಾಡಿಯಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಪ್ರತಿ ತಿಂಗಳೂ ತೂಕ, ಎತ್ತರ ನೋಡಿ ಮೊಬೈಲಿನ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಹಾಕುತ್ತೇವೆ. ಇಬ್ಬರು ಹಿಡಿಯಬೇಕು ಅಂತೀರಿ, ಸಹಾಯಕಿ ಅಡುಗೆ ಮಾಡುತ್ತಿರುತ್ತಾಳೆ. ಮಧ್ಯೆ ನೆಟ್‌ವರ್ಕ್ ಇಲ್ಲ. ಆಮೇಲೆ ಕಾಲೇಜಿನವರು, ಸಂಸ್ಥೆಯವರು ಸಮೀಕ್ಷೆ ಅಂತ ಬರುತ್ತಾರೆ. ನಮ್ಮ ಮಕ್ಕಳನ್ನು ಅಳೆದು, ಫೋಟೋ ಹೊಡೆದು ಹೋಗುತ್ತಾರೆ. ಆ ಲೆಕ್ಕ ಏನಾಯ್ತು ಅಂತ ಯಾರೂ ವಾಪಸ್ ಬಂದು ಹೇಳಿಲ್ಲ. ತಾಯಂದಿರು ನನ್ನನ್ನು ಕೇಳುತ್ತಾರೆ, "ಅಕ್ಕೋರೆ, ನಮ್ಮ ಕೂಸಿಗೆ ಏನಾಗಿದೆಯಂತೆ?" ನಾನು ಏನಂತ ಹೇಳಲಿ? ಈ ಹುಡುಗಿ ದೊಡ್ಡ ಸಂಶೋಧಕಿ ಆಗಲಿ, ಸಂತೋಷವೇ. ಆದರೆ ಇದನ್ನು ಮರೆಯಬಾರದು.

ಶಿರಸಿ ಕಡೆಯವಳು

ಅಕ್ಕೋರೆ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಕ್ಷೇತ್ರದ ದೊಡ್ಡ ಕೊರತೆಯೇ ಇದು, ಎಲ್ಲ ದೇಶದಲ್ಲೂ ಇದೇ ಕಥೆ.

ಇದರಲ್ಲಿ ಎರಡು ಭಾಗ ಇದೆ. ಮೊದಲನೆಯದಕ್ಕೆ ಯಾವ ವಿನಾಯಿತಿಯೂ ಇಲ್ಲ. 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ, ಅಥವಾ ಎರಡೂ ಪಾದಗಳನ್ನು ಹೆಬ್ಬೆರಳಿಂದ ಒತ್ತಿ ಬಿಟ್ಟಾಗ ಗುಳಿ ಹಾಗೇ ಉಳಿದರೆ, ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವನ್ನು ಕಂಡ ಸಂಶೋಧಕಿ ನಂಬರ್ ಬರೆದು ಮುಂದಿನ ಮನೆಗೆ ಹೋಗುವ ಹಾಗಿಲ್ಲ. ಅವತ್ತೇ ತಾಯಿಗೆ ಹೇಳಬೇಕು, ನಿಮಗೆ ಹೇಳಬೇಕು, ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ಈ ವ್ಯವಸ್ಥೆ ಬರೆದಿರದ ಅಧ್ಯಯನಕ್ಕೆ ಅನುಮತಿ ಕೊಡಬಾರದು.

ಎರಡನೆಯದು ಫಲಿತಾಂಶ ವಾಪಸ್ ತರುವುದು. ಇದಕ್ಕೆ ಹಣ ಮತ್ತು ದಿನ ಎರಡನ್ನೂ ಮೊದಲೇ ಎತ್ತಿಡಬೇಕು. ಕೊನೆಗೆ ನೋಡೋಣ ಅಂದರೆ ಆಗುವುದೇ ಇಲ್ಲ. ತಂಗೀ, ನಿನ್ನ ಪ್ರಬಂಧದ ಬಜೆಟ್ ಎಷ್ಟೇ ಚಿಕ್ಕದಿರಲಿ, ಅಂಗನವಾಡಿಯ ತಾಯಂದಿರ ಸಭೆಗೆ ಮರಳಿ ಹೋಗುವ ಬಸ್ ಖರ್ಚನ್ನು ಮೊದಲ ಸಾಲಿನಲ್ಲೇ ಬರೆ.

ಅಕ್ಕೋರೆ, ಇನ್ನೊಂದು ಮಾತು. ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಅಂದಿನಿಂದ ಈ ದೇಶದಲ್ಲಿ ಮಕ್ಕಳನ್ನು ಅತಿ ಹೆಚ್ಚು ತೂಗಿದವರು, ಅಳೆದವರು ನಿಮ್ಮವರು. ಅಂತರರಾಷ್ಟ್ರೀಯ ತಜ್ಞರು ಅನ್ನಿಸಿಕೊಂಡ ಎಷ್ಟೋ ಜನರ ಲೆಕ್ಕ ನಿಮ್ಮ ಕೈ ದಾಟಿ ಬಂದದ್ದೇ.

ಯಲ್ಲಾಪುರದ ತೋಟದವ

ನನ್ನದು ಎರಡು ಪ್ರಶ್ನೆ. ಒಂದು, ನಮ್ಮ ಜನ ಮೊದಲಿಂದಲೂ ಗಿಡ್ಡ ಅಲ್ವಾ? ಅಮೆರಿಕದ ಮಕ್ಕಳ ಅಳತೆ ಹಿಡಿದು ನಮ್ಮ ಮಕ್ಕಳು ಕುಂಠಿತ ಅಂದರೆ ಹೇಗೆ? ಎರಡು, 2021ರಲ್ಲಿ ನಮ್ಮ ಕಡೆ ಬಾಕಾಹು, ಅಂದರೆ ಬಾಳೆಕಾಯಿ ಹುಡಿ ಮಾಡುವುದು ಜೋರಾಗಿತ್ತು. ಅದು ಮಕ್ಕಳಿಗೆ ಒಳ್ಳೆಯದಾ?

ಶಿರಸಿ ಕಡೆಯವಳು

ಅಣ್ಣ, ಮೊದಲ ಪ್ರಶ್ನೆಯನ್ನು ಎಲ್ಲ ಕಡೆಯೂ ಕೇಳುತ್ತಾರೆ. ಈಗ ಬಳಸುವ ಅಳತೆ ಅಮೆರಿಕದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಆರು ದೇಶಗಳಲ್ಲಿ ಮಕ್ಕಳನ್ನು ಅಳೆಯಿತು. ಭಾರತದಿಂದ ದೆಹಲಿಯ ಮಕ್ಕಳಿದ್ದರು. ತಾಯಿಹಾಲು ಕುಡಿದ, ತಾಯಿ ಸಿಗರೇಟು ಸೇದದ, ಆರೋಗ್ಯ ಸೌಲಭ್ಯ ಇದ್ದ ಮಕ್ಕಳನ್ನೇ ಆರಿಸಿದರು. ಅಂಥ ಮಕ್ಕಳು ಎಲ್ಲ ದೇಶದಲ್ಲೂ ಹೆಚ್ಚು ಕಡಿಮೆ ಒಂದೇ ಥರ ಬೆಳೆದರು. ಆ ಆಧಾರದ ಮೇಲೆ 2006ರಲ್ಲಿ ಹೊಸ ಮಾನದಂಡ ಬಂತು. ಇದು ಭಾರತಕ್ಕೆ ಪೂರ್ತಿ ಹೊಂದುತ್ತದೆಯೇ ಅಂತ ನಮ್ಮ ತಜ್ಞರಲ್ಲೇ ಚರ್ಚೆ ಇದೆ, ಅದು ಗಂಭೀರ ಚರ್ಚೆಯೇ. ಆದರೆ ವಂಶ ಅಂತ ಹೇಳಿ ಕೈ ತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಂದಿ ಕುಂಠಿತ. ಇದೇ ರಾಜ್ಯದ ಉಳ್ಳವರ ಮನೆಯ ಮಕ್ಕಳೂ ಬಡವರ ಮನೆಯ ಮಕ್ಕಳೂ ಎತ್ತರದಲ್ಲಿ ಬೇರೆ ಬೇರೆ. ವಂಶ ಒಂದೇ ಇದ್ದರೆ ಈ ವ್ಯತ್ಯಾಸ ಎಲ್ಲಿಂದ ಬಂತು?

ಕೂಸಿದ್ದಾಗ ಸಿಕ್ಕ ಊಟ ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ಗ್ವಾಟೆಮಾಲಾದ ಅಧ್ಯಯನ ಓದಬೇಕು. 1969ರಿಂದ 1977ರವರೆಗೆ ನಾಲ್ಕು ಹಳ್ಳಿಗಳಲ್ಲಿ ನಡೆಯಿತು. ಎರಡು ಹಳ್ಳಿಗೆ ಪ್ರೋಟೀನ್ ಇದ್ದ ಗಂಜಿಯಂಥ ಪಾನೀಯ, ಇನ್ನೆರಡಕ್ಕೆ ಸಿಹಿ ಶರಬತ್ತು. ಆ ಮಕ್ಕಳು ದೊಡ್ಡವರಾದ ಮೇಲೆ ಹುಡುಕಿಕೊಂಡು ಹೋಗಿ ನೋಡಿದರು. ಎರಡು ವರ್ಷದೊಳಗೆ ಗಂಜಿ ಸಿಕ್ಕಿದ್ದ ಗಂಡಸರ ಗಂಟೆಯ ಕೂಲಿ, ಶರಬತ್ತು ಸಿಕ್ಕವರಿಗಿಂತ ಸುಮಾರು ಶೇ. 46 ಜಾಸ್ತಿ ಇತ್ತು. 2008ರಲ್ಲಿ ಇದು ಪ್ರಕಟವಾಯಿತು. ಮೂರು ದಶಕ ಕಾದು ಪಡೆದ ಉತ್ತರ ಅದು.

ಎಲ್ಲ ಉತ್ತರಗಳೂ ನಾವಂದುಕೊಂಡ ಹಾಗೆ ಬರುವುದಿಲ್ಲ. ಶೌಚಾಲಯ, ಕೈ ತೊಳೆಯುವುದು, ಶುದ್ಧ ನೀರು ಕೊಟ್ಟರೆ ಮಕ್ಕಳು ಎತ್ತರ ಬೆಳೆಯುತ್ತಾರೆ ಅಂತ ಎಲ್ಲರೂ ನಂಬಿದ್ದರು. ಬಾಂಗ್ಲಾದೇಶ, ಕೆನ್ಯಾ, ಜಿಂಬಾಬ್ವೆಗಳಲ್ಲಿ ಸಾವಿರಾರು ಮಕ್ಕಳ ಮೇಲೆ ನಡೆದ ಅಧ್ಯಯನಗಳ ಫಲಿತಾಂಶ 2018ರ ಸುಮಾರಿಗೆ ಬಂದಾಗ, ಮನೆಮಟ್ಟದಲ್ಲಿ ಕೊಟ್ಟ ಅಂಥ ಸೌಲಭ್ಯದಿಂದ ಎತ್ತರ ಹೆಚ್ಚಲಿಲ್ಲ ಅಂತ ಕಂಡಿತು. ಊಟದ ಸಲಹೆಯ ಜೊತೆ ಪೂರಕ ಆಹಾರ ಕೊಟ್ಟಲ್ಲಿ ಸ್ವಲ್ಪ ಹೆಚ್ಚಿತು. ಶೌಚಾಲಯ ಬೇಡ ಅಂತ ಇದರರ್ಥ ಅಲ್ಲ. ಮಕ್ಕಳು ಓಡಾಡುವ ಅಂಗಳದಲ್ಲಿ ಹೊಲಸು ಇನ್ನೂ ಬಹಳ ಇತ್ತು, ಅಷ್ಟು ಸಣ್ಣ ಬದಲಾವಣೆ ಸಾಲಲಿಲ್ಲ ಅಂತ ಅನೇಕರ ಅಭಿಪ್ರಾಯ. ನನ್ನದೂ ಅದೇ.

ಬಾಕಾಹು ವಿಷಯ ಕೇಳಿ ಖುಷಿಯಾಯ್ತು. ಢಾಕಾದಲ್ಲಿ, ಅಪೌಷ್ಟಿಕ ಮಕ್ಕಳ ಕರುಳಿನ ಸೂಕ್ಷ್ಮಜೀವಿಗಳು ಸುಧಾರಿಸಲಿ ಅಂತ ಕಡಲೆ ಹಿಟ್ಟು, ಸೋಯಾ ಹಿಟ್ಟು, ಶೇಂಗಾ, ಬಾಳೆಕಾಯಿ ಸೇರಿಸಿ ಒಂದು ಆಹಾರ ಮಾಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮೊದಲಿಂದ ಬಳಕೆಯಲ್ಲಿದ್ದ ಪೂರಕ ಆಹಾರಕ್ಕಿಂತ ಅದರಲ್ಲಿ ಮಕ್ಕಳ ತೂಕ ಚೆನ್ನಾಗಿ ಏರಿತ್ತು. ಆದರೆ ಬರೀ ಬಾಳೆಕಾಯಿ ಹುಡಿ ಪಿಷ್ಟ ಮಾತ್ರ. ಅದಕ್ಕೆ ಬೇಳೆ, ಶೇಂಗಾ ಸೇರಿದರೆ ಮಕ್ಕಳಿಗೆ ಆಗುತ್ತದೆ.

ಕಾರವಾರ ಮೀನುಪೇಟೆಯವಳು

ನಾನು ಓದಿದ್ದು ಕಡಿಮೆ, ತಪ್ಪಿದ್ದರೆ ಹೇಳಿ. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಎಲ್ಲರೂ ಒಣಮೀನು ತುಂಬಿಸಿಡುತ್ತಾರೆ. ಚಿಕ್ಕ ಮಕ್ಕಳಿಗೆ ಮಾತ್ರ ಕೊಡುವುದಿಲ್ಲ, ಮುಳ್ಳು ಸಿಕ್ಕೀತು ಅಂತ. ಮೀನುಸಾರಿನ ನೀರು ಅನ್ನಕ್ಕೆ ಕಲಸಿ ಕೊಡುತ್ತೇವೆ. ಅದು ಸಾಕಾ?

ಶಿರಸಿ ಕಡೆಯವಳು

ಅಕ್ಕಾ, ಇಡೀ ಚರ್ಚೆಯಲ್ಲಿ ಬೆಲೆಬಾಳುವ ಪ್ರಶ್ನೆ ನಿಮ್ಮದೇ. ಸಾಕಾಗುವುದಿಲ್ಲ. ಮಗುವಿನ ಊಟದಲ್ಲಿ ವೈವಿಧ್ಯ ಇದೆಯಾ ಅಂತ ನೋಡಲು ಎಂಟು ಗುಂಪು ಮಾಡಿದ್ದಾರೆ: ತಾಯಿಹಾಲು, ಧಾನ್ಯ ಮತ್ತು ಗೆಡ್ಡೆ, ಬೇಳೆಕಾಳು, ಹಾಲಿನ ಪದಾರ್ಥ, ಮೀನು-ಮಾಂಸ, ಮೊಟ್ಟೆ, ಎ ಜೀವಸತ್ವ ಇರುವ ಸೊಪ್ಪು ತರಕಾರಿ ಹಣ್ಣು, ಉಳಿದ ತರಕಾರಿ ಹಣ್ಣು. 6ರಿಂದ 23 ತಿಂಗಳ ಮಗುವಿಗೆ ದಿನಕ್ಕೆ ಕನಿಷ್ಠ ಐದು ಗುಂಪು ಸಿಗಬೇಕು. ಬರೀ ಸಾರಿನ ನೀರನ್ನು ಮೀನು ಅಂತ ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಜೊಯಿಡಾದ ಕುಣಬಿಯವರ ಮನೆಯಲ್ಲಿ ಹತ್ತು ಥರದ ಗೆಡ್ಡೆ ಇದ್ದರೂ ಅದು ಅನ್ನದ ಜೊತೆ ಒಂದೇ ಗುಂಪು.

ಆದರೆ ಮೀನು ನಿಮ್ಮ ಮನೆಯಲ್ಲೇ ಇದೆಯಲ್ಲ! ಶಕುಂತಲಾ ಥಿಲ್‌ಸ್ಟೆಡ್ ಅವರು ಬಾಂಗ್ಲಾದೇಶದ ಮೋಲಾ ಅನ್ನುವ ಚಿಕ್ಕ ಮೀನಿನ ಮೇಲೆ ದುಡಿದವರು. ತಲೆ, ಮುಳ್ಳು ಸಮೇತ ತಿನ್ನುವ ಚಿಕ್ಕ ಮೀನಿನಲ್ಲಿ ಕ್ಯಾಲ್ಸಿಯಂ, ಕಬ್ಬಿಣ, ಸತು, ಎ ಜೀವಸತ್ವ, ಬಿ12 ಎಷ್ಟಿದೆ ಅಂತ ಜಗತ್ತಿಗೆ ತೋರಿಸಿದರು. 2021ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು. ಒಣಮೀನನ್ನು ನುಣ್ಣಗೆ ಹುಡಿ ಮಾಡಿ, ಜರಡಿ ಹಿಡಿದು ಗಂಜಿಗೆ ಹಾಕಿದರೆ ಮುಳ್ಳಿನ ಹೆದರಿಕೆ ಇಲ್ಲ. ಉಪ್ಪು ಹಾಕದೆ ಒಣಗಿಸಿದ್ದು ಬೇಕು, ಅದೂ ಮರಳಿನ ಮೇಲಲ್ಲ, ಚೊಕ್ಕ ಬಲೆ ಅಥವಾ ಚಪ್ಪರದ ಮೇಲೆ. ನಮ್ಮಲ್ಲಿ ಸಿಗುವುದು ಬಹಳಷ್ಟು ಉಪ್ಪು ಮೀನೇ, ಅದು ಕೂಸುಗಳಿಗೆ ಬೇಡ.

ಅಘನಾಶಿನಿ ದಂಡೆಯವಳು, ಕುಮಟಾ

ಅಕ್ಕಾ, ಇಷ್ಟು ಯಾರೂ ಹೇಳಿರಲಿಲ್ಲ. ಒಂದು ಯೋಚನೆ ಬಂತು. ನಮ್ಮೂರಲ್ಲಿ ಬಳಚು, ಅಂದರೆ ಚಿಪ್ಪುಮೀನು ಆರಿಸಲು ಹೆಂಗಸರು ಇಳಿತದ ಹೊತ್ತಿಗೆ ಹೊಳೆಗೆ ಹೋಗುತ್ತಾರೆ. ಇಳಿತ ದಿನಾ ಮುಕ್ಕಾಲು ಗಂಟೆಯಷ್ಟು ಮುಂದೆ ಹೋಗುತ್ತದೆ. ಕೂಸಿಗೆ ಉಣ್ಣಿಸುವ ಹೊತ್ತೂ ಹಾಗೇ ಏರುಪೇರಾಗುತ್ತದಾ? ಆಗ ಯಾರು ಉಣ್ಣಿಸುತ್ತಾರೆ, ಏನು ಕೊಡುತ್ತಾರೆ? ಇದನ್ನೇ ಪ್ರಬಂಧಕ್ಕೆ ತಗೊಳ್ಳಬಹುದಾ? ಮತ್ತೆ ಪಿಎಚ್.ಡಿ. ಪ್ರಶ್ನೆಗೆ ಉತ್ತರ ಬರಲಿಲ್ಲ.

ಶಿರಸಿ ಕಡೆಯವಳು

ತಗೊ, ಖಂಡಿತ ತಗೊ. ಅಪೌಷ್ಟಿಕತೆಗೆ ಊಟ, ಕಾಯಿಲೆ, ಆರೈಕೆ ಮೂರೂ ಕಾರಣ ಅಂತ ಯುನಿಸೆಫ್ 1990ರಲ್ಲೇ ಚೌಕಟ್ಟು ಮಾಡಿತ್ತು. ಆರೈಕೆಯ ಭಾಗವನ್ನು ಜನ ಕಡಿಮೆ ನೋಡುತ್ತಾರೆ. ಇಳಿತದ ವೇಳಾಪಟ್ಟಿ ಹಿಡಿದು ಉಣ್ಣಿಸುವ ಹೊತ್ತನ್ನು ನೋಡುವ ಪ್ರಶ್ನೆ ಹೊಳೆದಂಡೆಯಲ್ಲಿ ಬೆಳೆದವಳಿಗೆ ಮಾತ್ರ ಹೊಳೆದೀತು. ಲಂಡನ್ನಿನಲ್ಲಿ ಓದಿದ ಮಾತ್ರಕ್ಕೆ ಬರುವಂಥದ್ದಲ್ಲ.

ಪಿಎಚ್.ಡಿ. ಈಗಲೇ ಬೇಡ. ಅಧ್ಯಯನವನ್ನು ಸ್ವತಃ ರೂಪಿಸಿ ಮುನ್ನಡೆಸುವ ಹುದ್ದೆಗೆ ಮುಂದೆ ಬೇಕಾಗುತ್ತದೆ. ಅದಕ್ಕೆ ಮುಂಚೆ ಕೆಲವು ವರ್ಷ ಕ್ಷೇತ್ರದ ಅನುಭವ ಮಾಡಿಕೊ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ, ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಇಂಥ ಕಡೆಗಳಲ್ಲಿ ಪ್ರಾಜೆಕ್ಟ್ ಹುದ್ದೆಗಳು ಬರುತ್ತವೆ, ನೋಡುತ್ತಿರು. ಅಂಕಿಅಂಶ ಕಲಿ. ಆರ್ ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ. ಕುಟುಂಬ ಆರೋಗ್ಯ ಸಮೀಕ್ಷೆಯ ವರದಿಗಳೂ ಎಲ್ಲರಿಗೂ ಸಿಗುತ್ತವೆ. ಇಂಗ್ಲಿಷ್ ಬರೆಯುವುದು ದಿನಾ ರೂಢಿ ಮಾಡು. ಪಶ್ಚಿಮ ಆಫ್ರಿಕಾದಲ್ಲಿ ಕೆಲಸ ಬೇಕಾದರೆ ಫ್ರೆಂಚ್ ಬೇಕು, ಅದು ಬಂದರೆ ಬಾಗಿಲು ಬೇಗ ತೆರೆಯುತ್ತದೆ.

ಹೊನ್ನಾವರದ ಮಾಸ್ತರರು ಹೇಳಿದ್ದನ್ನು ನಾನೂ ಹೇಳುತ್ತೇನೆ. ಇಲ್ಲಿ ಹೆಚ್ಚಿನವು ಗುತ್ತಿಗೆ ಕೆಲಸ, ಯೋಜನೆ ಮುಗಿದರೆ ಸಂಬಳ ನಿಂತಿತು. ಕೈಯಲ್ಲಿ ಸ್ವಲ್ಪ ಉಳಿತಾಯ ಇಟ್ಟುಕೊಳ್ಳದೆ ಇಳಿಯಬೇಡ. ಸಿಡಿಪಿಒ ಪರೀಕ್ಷೆ ಬರೆಯುವುದನ್ನೂ ನಾನು ಬೇಡ ಅನ್ನುವುದಿಲ್ಲ. ಒಂದು ತಾಲೂಕಿನ ಅಂಗನವಾಡಿಗಳನ್ನು ಒಳಗಿಂದ ಕಂಡವಳು ಮುಂದೆ ಎಲ್ಲಿಗೆ ಹೋದರೂ ಬೇರೆಯವರಿಗಿಂತ ಗಟ್ಟಿ ಇರುತ್ತಾಳೆ. ಅಪ್ಪನಿಗೆ ಹಾಗೇ ಹೇಳು. 2022ರಲ್ಲಿ ಜಗತ್ತಿನಲ್ಲಿ ಕುಂಠಿತ ಮಕ್ಕಳು ಸುಮಾರು 14.8 ಕೋಟಿ ಇದ್ದರು. ಕೆಲಸಕ್ಕೇನೂ ಕೊರತೆ ಆಗುವುದಿಲ್ಲ, ಹಣ ಎಲ್ಲಿಂದ ಬರುತ್ತದೆ ಅನ್ನುವುದು ಮಾತ್ರ ಬದಲಾಗುತ್ತಿರುತ್ತದೆ.

ಅಂಗನವಾಡಿ ಅಕ್ಕೋರು, ಅಂಕೋಲಾ

ತಂಗೀ, ಅಳತೆ ಕೈಯಾರೆ ಕಲಿಯಬೇಕಾದರೆ ನಮ್ಮ ಕೇಂದ್ರಕ್ಕೆ ಬಾ. ತೂಕ, ಎತ್ತರ ನೋಡುವ ದಿನ ನನಗೂ ಇನ್ನೊಂದು ಜೊತೆ ಕೈ ಬೇಕು. ಆದರೆ ಸಿಡಿಪಿಒ ಆಫೀಸಿನಿಂದ ಅನುಮತಿ ಪತ್ರ ತರಬೇಕು, ಕಾಲೇಜಿನ ಪತ್ರವೂ ಬೇಕು. ಬಳಚು ಆರಿಸುವ ತಾಯಂದಿರ ಹತ್ತಿರ ಮಾತಾಡಬೇಕಾದರೆ ಬೆಳಿಗ್ಗೆ ಬರಬೇಡ, ಇಳಿತ ನೋಡಿಕೊಂಡು ಅವರು ಮನೆಯಲ್ಲಿರುವ ಹೊತ್ತಿಗೆ ಹೋಗು.